ರೆಡ್ ಅಲರ್ಟ್ ದಿನ ಬಿಸಿಲು, ಮರುದಿನ ಅಂಗಳದಲ್ಲಿ ನೇತ್ರಾವತಿ: ಯಾವ ಮಾತನ್ನು ನಂಬುವುದು?

ಪ್ರಶ್ನೆ: ನಮ್ಮ ಮನೆ ಬಂಟ್ವಾಳ ತಾಲ್ಲೂಕಿನಲ್ಲಿ, ನೇತ್ರಾವತಿ ಬದಿಯಲ್ಲಿ. ಕಳೆದ ಆಟಿ ತಿಂಗಳಲ್ಲಿ (ತುಳುನಾಡಿನ ಜುಲೈ–ಆಗಸ್ಟ್) ಒಂದು ಮಂಗಳವಾರ ರೆಡ್ ಅಲರ್ಟ್ ಅಂದರು. ಶಾಲೆಗೆ ರಜೆ ಕೊಟ್ಟರು. ಸಂಜೆಯವರೆಗೂ ಎಳೆ ಬಿಸಿಲು. ಬುಧವಾರ ಅಲರ್ಟ್ ಕೆಳಗಿಳಿಸಿದರು. ಅದೇ ದಿನ ಬೆಳಗ್ಗೆ ಹತ್ತು ಗಂಟೆಗೆ ದನದ ಹಟ್ಟಿಗೆ ನೀರು ನುಗ್ಗಿತು, ನಮ್ಮಲ್ಲಿ ಮಳೆ ಹೇಳಿಕೊಳ್ಳುವಷ್ಟು ಇರಲೇ ಇಲ್ಲ. ಮಾವ 1974ರ ನೆರೆ ನೋಡಿದವರು. ‘ಗೋಡೆಯ ಆ ಗುರುತಿನವರೆಗೆ ಬರಲಿ, ಆಮೇಲೆ ಹೊರಡೋಣ’ ಎನ್ನುತ್ತಾರೆ. ನನ್ನ ತಂಗಿ ಅಥಣಿ ಕಡೆ ಟೀಚರ್. ಅಲ್ಲಿ ಮಳೆಯೇ ಇಲ್ಲದೆ ನೆರೆ ಬರುತ್ತದಂತೆ. ಹಾಗಾದರೆ ಈ ಎಚ್ಚರಿಕೆಗಳಲ್ಲಿ ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಳೆಯ ಮಟ್ಟ ಅಳೆಯುವ, ಮಳೆಯ ಲೆಕ್ಕ ಇಡುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದವನು. ‘ನಿನ್ನೆ ಹೇಳಿದ್ದು ಸುಳ್ಳಾಯ್ತಲ್ಲ’ ಎಂಬ ಮಾತನ್ನು ಪ್ರತಿ ಮಳೆಗಾಲದಲ್ಲೂ ಕೇಳಿದ್ದೇನೆ. ಆದರೆ ನೀವು ಹೇಳಿದ ಎರಡು ದಿನವನ್ನು ಸ್ವಲ್ಪ ಬಿಡಿಸಿ ನೋಡೋಣ. ಅಲರ್ಟ್ ಸುಳ್ಳಾಗಿರಲಿಕ್ಕಿಲ್ಲ ಎಂದೇ ನನಗೆ ಅನಿಸುತ್ತದೆ.

ಮೊದಲು ಗಡಿಯಾರದ ವಿಷಯ. ಹವಾಮಾನ ಇಲಾಖೆಯ ದಿನ ಮಧ್ಯರಾತ್ರಿಗೆ ಶುರುವಾಗುವುದಿಲ್ಲ. ಬೆಳಗ್ಗೆ 8.30ಕ್ಕೆ ಮಳೆ ಅಳೆಯುತ್ತಾರೆ. ಅಲ್ಲಿಂದ ಮರುದಿನ ಬೆಳಗ್ಗೆ 8.30ರವರೆಗೆ ಒಂದು ದಿನ. ಮಂಗಳವಾರದ ರೆಡ್ ಅಲರ್ಟ್ ಅಂದರೆ ಬುಧವಾರ ಬೆಳಗಿನವರೆಗಿನ ಲೆಕ್ಕ. ಶಾಲೆ ಬಿಡುವ ಹೊತ್ತಿಗೆ ಆ ಅಲರ್ಟ್‌ನ ಅವಧಿ ಇನ್ನೂ ಅರ್ಧ ಕೂಡ ಮುಗಿದಿರಲಿಲ್ಲ. ರಾತ್ರಿ ಎರಡಕ್ಕೋ ಮೂರಕ್ಕೋ ಚಾರ್ಮಾಡಿ, ಶಿಶಿಲ, ಸುಬ್ರಹ್ಮಣ್ಯದ ಕಾಡಿನ ಮೇಲೆ ಸುರಿದಿದ್ದರೆ ಅದು ಮಂಗಳವಾರದ ಮಳೆಯೇ. ಆ ನೀರು ಇಳಿದು ನಿಮ್ಮ ಹಟ್ಟಿ ತಲುಪಿದ್ದು ಬುಧವಾರ. ಅಷ್ಟು ಹೊತ್ತಿಗೆ ಮೋಡ ಚದುರಿರುತ್ತದೆ. ಮುಂದಿನ ದಿನಕ್ಕೆ ಮಳೆ ಕಡಿಮೆ ಅಂತ ಅಲರ್ಟ್ ಇಳಿಸಿರುತ್ತಾರೆ. ಅಲರ್ಟ್ ಇಳಿಸಿದ್ದೂ ಸರಿ, ನೀರು ಬಂದದ್ದೂ ಸರಿ.

ಎರಡನೆಯದು ಜಾಗ. ಅಲರ್ಟ್ ಕೊಡುವುದು ಇಡೀ ಜಿಲ್ಲೆಗೆ. ದಕ್ಷಿಣ ಕನ್ನಡ ಅಂದರೆ ಸುಮಾರು ನಾಲ್ಕೂವರೆ ಸಾವಿರ ಚದರ ಕಿಲೋಮೀಟರ್. ಒಂದು ತುದಿಯಲ್ಲಿ ಉಳ್ಳಾಲದ ಸಮುದ್ರ, ಇನ್ನೊಂದು ತುದಿಯಲ್ಲಿ ಘಟ್ಟದ ಗೋಡೆ. ಮುನ್ಸೂಚನೆಯನ್ನು ಪೂರ್ತಿ ಓದಿದರೆ ‘ಒಂದೆರಡು ಕಡೆ ಅತಿ ಭಾರಿ ಮಳೆ’ ಎಂದಿರುತ್ತದೆ. ಟಿವಿಯಲ್ಲಿ ಆ ‘ಒಂದೆರಡು ಕಡೆ’ ಬಿದ್ದುಹೋಗಿ ಬಣ್ಣ ಮಾತ್ರ ಉಳಿಯುತ್ತದೆ. ಅದು ಸುಮ್ನೆ ಸೇರಿಸಿದ ಮಾತಲ್ಲ. ಮಳೆ ಅಳೆಯುವ ಕೇಂದ್ರಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಕಡೆ ಎಂದು ಅದರ ಅರ್ಥ. ‘ಕೆಲವು ಕಡೆ’ ಅಂದರೆ ಅರ್ಧದವರೆಗೆ, ‘ಹಲವು ಕಡೆ’ ಅಂದರೆ ಮುಕ್ಕಾಲಿನವರೆಗೆ, ‘ಬಹುತೇಕ ಕಡೆ’ ಅಂದರೆ ಅದಕ್ಕೂ ಮೇಲೆ. ಈ ನಾಲ್ಕು ಮಾತು ಗೊತ್ತಿದ್ದರೆ ಬಣ್ಣಕ್ಕಿಂತ ಜಾಸ್ತಿ ತಿಳಿಯುತ್ತದೆ.

‘ಭಾರಿ’ ಎಂಬುದಕ್ಕೂ ಅಳತೆ ಇದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಹಳದಿ, ಕಿತ್ತಳೆ, ಕೆಂಪು ಬಣ್ಣವನ್ನು ಈ ಅಂಕಿಯೊಂದನ್ನೇ ಹಿಡಿದು ಕೊಡುವುದಿಲ್ಲ. ಅಂಥ ಮಳೆ ಬರುವ ಸಂಭವ ಎಷ್ಟು, ಬಂದರೆ ಏನೇನು ಹಾನಿಯಾದೀತು ಎಂಬುದನ್ನೂ ಸೇರಿಸಿ ನೋಡುತ್ತಾರೆ. ಹಳದಿ ಅಂದರೆ ಗಮನ ಇಡಿ. ಕಿತ್ತಳೆ ಅಂದರೆ ತಯಾರಾಗಿ. ಕೆಂಪು ಅಂದರೆ ಮಾಡಬೇಕಾದ್ದನ್ನು ಈಗಲೇ ಮಾಡಿ. (ಜೋರು ಮಳೆಗೆಲ್ಲ ‘ಮೇಘಸ್ಫೋಟ’ ಎನ್ನುವ ರೂಢಿ ಈಗ ಬಂದಿದೆ. ಒಂದೇ ಗಂಟೆಯಲ್ಲಿ 100 ಮಿ.ಮೀ., ಅದೂ 20–30 ಚದರ ಕಿ.ಮೀ. ಜಾಗದಲ್ಲಿ ಸುರಿದರೆ ಮಾತ್ರ ಆ ಹೆಸರು. ನಮ್ಮಲ್ಲಿ ನೆರೆ ಬರಲು ಅದು ಬೇಕಾಗಿಯೂ ಇಲ್ಲ. ಇಡೀ ರಾತ್ರಿ ಬಿಡದೆ ಹೊಯ್ದರೆ ಸಾಕು.)

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಕಡೆಯ ನ್ಯಾಯವನ್ನೂ ಹೇಳಬೇಕು. ಜಿಲ್ಲೆಗೊಂದು ಬಣ್ಣ ಕೊಟ್ಟರೆ ಶಾಲೆಗೆ ರಜೆ ಕೊಡುವವರಿಗೆ ಅನುಕೂಲ. ಹೊಳೆ ಬದಿಯ ಮನೆಗೆ ಅದರಿಂದ ಅಷ್ಟು ಪ್ರಯೋಜನವಿಲ್ಲ. ನಿಮಗೆ ಬೇಕಾದದ್ದು ನಿಮ್ಮ ಮೆಟ್ಟಿಲಿಗೆ ನೀರು ಯಾವಾಗ ಬರುತ್ತದೆ ಎಂಬ ಉತ್ತರ. ಅದನ್ನು ಯಾವ ಇಲಾಖೆಯೂ ಮನೆ ಮನೆಗೆ ಹೇಳುವುದಿಲ್ಲ. ಹಾಗಾಗಿ ಅಲರ್ಟ್‌ನ ಬಣ್ಣವನ್ನೂ ಹೊಳೆಯ ಮಟ್ಟದ ಮೀಟರನ್ನೂ ನಿಮ್ಮ ಅಂಗಳದ ಲೆಕ್ಕಕ್ಕೆ ತರುವ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು. ಕಷ್ಟವೇನೂ ಇಲ್ಲ. ಅದಕ್ಕೆ ನಿಮ್ಮ ಹೊಳೆಯ ಸ್ವಭಾವ ಗೊತ್ತಿರಬೇಕು.

ನೇತ್ರಾವತಿ ಗಿಡ್ಡ ಹೊಳೆ. ಕುದುರೆಮುಖದ ಕಡೆಯ ಘಟ್ಟದಲ್ಲಿ ಹುಟ್ಟಿ, ನೂರು ಕಿಲೋಮೀಟರ್ ಆಸುಪಾಸು ಹರಿದು ಮಂಗಳೂರಲ್ಲಿ ಸಮುದ್ರ ಸೇರುತ್ತದೆ. ಪುಷ್ಪಗಿರಿ ಕಡೆಯಿಂದ ಬರುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ಕೂಡುತ್ತದೆ. ಘಟ್ಟದ ನೆತ್ತಿಯಿಂದ ಬುಡಕ್ಕೆ ನೀರು ಬೀಳುವಂತೆಯೇ ಇಳಿಯುತ್ತದೆ. ಮಧ್ಯದಲ್ಲಿ ಹಿಡಿದು ನಿಲ್ಲಿಸುವ ದೊಡ್ಡ ಜಲಾಶಯ ಒಂದೂ ಇಲ್ಲ. ಶಂಭೂರು, ತುಂಬೆಯಲ್ಲಿ ಇರುವುದು ಕಿಂಡಿ ಅಣೆಕಟ್ಟುಗಳು. ಅವು ನೆರೆ ತಡೆಯಲು ಕಟ್ಟಿದ್ದಲ್ಲ, ಮಳೆಗಾಲದಲ್ಲಿ ಗೇಟು ಎತ್ತಿ ನೀರು ಬಿಡುತ್ತಲೇ ಇರುತ್ತಾರೆ. ‘ಡ್ಯಾಂ ಒಡೆಯಿತು’ ಎಂಬ ವಾಟ್ಸಾಪ್ ಸಂದೇಶ ಪ್ರತಿ ವರ್ಷ ಬರುತ್ತದೆ, ಜನ ಕತ್ತಲಲ್ಲಿ ಓಡುತ್ತಾರೆ, ಬಿದ್ದು ಕೈಕಾಲು ಮುರಿದುಕೊಳ್ಳುತ್ತಾರೆ. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ. ದೊಡ್ಡ ನೆರೆ ಬಂದಾಗ ಆ ಕಟ್ಟೆಗಳ ಹಿಂದೆ ನಿಂತ ನೀರು ಹೊಳೆಯ ಒಟ್ಟು ನೀರಿನ ಮುಂದೆ ತೀರಾ ಸಣ್ಣದು.

ಒಂದು ಲೆಕ್ಕ ಕೇಳಿ. ಒಂದು ಚದರ ಕಿಲೋಮೀಟರ್ ಜಾಗದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು 10 ಕೋಟಿ ಲೀಟರ್ ನೀರು. ಘಟ್ಟದ ಬುಡದ 100 ಚದರ ಕಿ.ಮೀ. ಮೇಲೆ ಬಿದ್ದರೆ ಒಂದು ಸಾವಿರ ಕೋಟಿ ಲೀಟರ್. ಜೂನ್ ಮೊದಲ ವಾರದಲ್ಲಿ ಇದರಲ್ಲಿ ಬಹಳಷ್ಟನ್ನು ಒಣಗಿದ ಮಣ್ಣು ಕುಡಿಯುತ್ತದೆ. ಆಟಿ ಬರುವ ಹೊತ್ತಿಗೆ ಮಣ್ಣಿನ ಹೊಟ್ಟೆ ತುಂಬಿರುತ್ತದೆ, ಬಾವಿ ತುಂಬಿರುತ್ತದೆ, ತೋಡುಗಳು (ಸಣ್ಣ ಹಳ್ಳಗಳು) ಅಂಚಿಗೆ ಬಂದಿರುತ್ತವೆ. ಆಗ ಬಿದ್ದದ್ದೆಲ್ಲ ನೇರ ಹೊಳೆಗೆ. ಹಾಗಾಗಿ ‘ಜೂನಿನಲ್ಲೂ ಇಷ್ಟೇ ಮಳೆ ಬಂದಿತ್ತು, ಏನೂ ಆಗಲಿಲ್ಲ’ ಎಂಬ ಹೋಲಿಕೆ ಬೇಡ. ಕಿತ್ತಳೆ ಅಲರ್ಟ್ ಜೂನ್ 8ಕ್ಕೆ ಬಂದರೆ ಒಂದು ಅರ್ಥ. ಹತ್ತು ದಿನ ಬಿಡದೆ ಮಳೆ ಬಂದ ಮೇಲೆ ಆಗಸ್ಟ್ 8ಕ್ಕೆ ಬಂದರೆ ಅದನ್ನು ನಾನು ಕೆಂಪು ಎಂದೇ ತಿಳಿಯುತ್ತೇನೆ.

ಈಗ ಹೊಳೆಯ ಮಟ್ಟದ ವಿಷಯ. ಇದು ಮಳೆಯ ಅಲರ್ಟ್‌ಗಿಂತ ಬೇರೆ, ಕೊಡುವವರೂ ಬೇರೆ. ದೊಡ್ಡ ನದಿಗಳ ಮಟ್ಟವನ್ನು ಕೇಂದ್ರ ಜಲ ಆಯೋಗ ಅಳೆಯುತ್ತದೆ. ಒಂದೊಂದು ಜಾಗಕ್ಕೂ ಎಚ್ಚರಿಕೆ ಮಟ್ಟ, ಅಪಾಯದ ಮಟ್ಟ, ಈವರೆಗಿನ ಅತಿ ಎತ್ತರದ ಮಟ್ಟ ಎಂದು ಇರುತ್ತವೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. ಪೇಪರಿನಲ್ಲಿ ‘ನೇತ್ರಾವತಿ 7.6 ಮೀಟರ್, ಅಪಾಯವಿಲ್ಲ’ ಎಂದು ಓದಿ ನೀವು ನಿರಾಳರಾಗುತ್ತೀರಿ. ಆದರೆ 8.5 ಎಂಬುದು ಬಂಟ್ವಾಳದ ಅಳತೆಯ ಜಾಗಕ್ಕೆ ಸೇರಿದ ಅಂಕಿ. ನಿಮ್ಮ ಹಟ್ಟಿ ತಗ್ಗಿನಲ್ಲಿದ್ದರೆ ಅಲ್ಲಿ 7 ಮೀಟರ್ ಇದ್ದಾಗಲೇ ನಿಮ್ಮಲ್ಲಿ ಮೊಣಕಾಲುದ್ದ ನೀರು ಬರಬಹುದು. ಪಕ್ಕದ ಗುಡ್ಡೆಯ ಮನೆಗೆ 10 ಆದರೂ ಏನೂ ಆಗಲಿಕ್ಕಿಲ್ಲ. ಒಂದೊಂದು ಅಂಗಳಕ್ಕೂ ಅದರದೇ ಅಪಾಯದ ಮಟ್ಟ ಇದೆ. ನಿಮ್ಮದು ಯಾವುದು ಎಂದು ಕಂಡುಹಿಡಿಯಿರಿ.

ಹೇಗೆ ಅಂತೀರಾ? ಬೇಸಿಗೆಯಲ್ಲಿ ಗಾರೆ ಕೆಲಸದವರನ್ನು ಒಂದು ಬೆಳಗ್ಗೆ ಕರೆಸಿ. ಅವರ ಹತ್ತಿರ ಪಾರದರ್ಶಕ ಪೈಪ್ ಇರುತ್ತದೆ, ನೀರು ತುಂಬಿ ಎರಡು ಕಡೆ ಸಮ ನೋಡುತ್ತಾರಲ್ಲ, ಅದೇ. ಹಟ್ಟಿಯ ನೆಲ, ಮನೆಯ ಹೊಸ್ತಿಲು, ಪಂಪ್‌ಸೆಟ್ ಇಟ್ಟ ಕಟ್ಟೆ, ಈ ಮೂರರ ಮಟ್ಟವನ್ನು ಆ ಪೈಪಿನಿಂದ ಹಂತ ಹಂತವಾಗಿ ಹೊಳೆ ಬದಿಗೆ ಇಳಿಸಿಕೊಂಡು ಹೋಗಿ. ಅಲ್ಲಿ ಗಟ್ಟಿಯಾದ ಬಂಡೆಗೋ, ಕಾಂಕ್ರೀಟ್ ಕಂಬಕ್ಕೋ ಗುರುತು ಹಾಕಿ. ಹಟ್ಟಿಯ ಮಟ್ಟಕ್ಕೆ ಕೆಂಪು ಗೆರೆ ಎಳೆಯಿರಿ. ಅಲ್ಲಿಂದ ಕೆಳಕ್ಕೆ ಒಂದೊಂದು ಅಡಿಗೆ ಬಿಳಿ ಗೆರೆ, ಪಕ್ಕದಲ್ಲಿ 1, 2, 3 ಎಂದು ಬರೆಯಿರಿ. ರಾತ್ರಿ ಟಾರ್ಚ್ ಬಿಟ್ಟರೆ ಅಂಗಳದಿಂದಲೇ ಓದಲು ಬರಬೇಕು, ಹೊಳೆಗೆ ಇಳಿದು ನೋಡುವ ಹಾಗೆ ಇರಬಾರದು.

ಮಳೆಗಾಲ ಶುರುವಾದ ಮೇಲೆ ಒಂದು ನೋಟ್‌ಬುಕ್ ಇಡಿ. ನೀರು ಏರಿದ ದಿನಗಳಲ್ಲಿ ಬಂಟ್ವಾಳದ ಮೀಟರ್ ಎಷ್ಟು, ನಿಮ್ಮ ಬಂಡೆಯಲ್ಲಿ ಯಾವ ಗೆರೆ, ಗಂಟೆ ಎಷ್ಟು ಎಂದು ಬರೆದಿಡಿ. ಉಪ್ಪಿನಂಗಡಿಯಲ್ಲಿ ಗೊತ್ತಿದ್ದವರಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಎರಡು ಹೊಳೆಯ ನೀರು ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ಒಂದಾದಾಗ ‘ಸಂಗಮ’ ಆಯಿತು ಎಂದು ಪೂಜೆ ಮಾಡುತ್ತಾರೆ. ಅದಕ್ಕೂ ಮುಂಚೆಯೇ ಸ್ನಾನಘಟ್ಟದಲ್ಲಿ ಇನ್ನೆಷ್ಟು ಮೆಟ್ಟಿಲು ಉಳಿದಿದೆ ಎಂದು ಊರವರು ಎಣಿಸುತ್ತಿರುತ್ತಾರೆ. ಆ ಮೆಟ್ಟಿಲೇ ನಿಮಗೆ ಅಳತೆಗೋಲು. ಅಲ್ಲಿ ಒಂದು ಮೆಟ್ಟಿಲು ಮುಳುಗಿ ಎಷ್ಟು ಹೊತ್ತಿಗೆ ನಿಮ್ಮ ಬಂಡೆಯ ಗೆರೆ ಮುಳುಗುತ್ತದೆ? ಎರಡು ಮಳೆಗಾಲ ಬರೆದರೆ ನಿಮಗೇ ಗೊತ್ತಾಗುತ್ತದೆ. ಅದು ಯಾವ ಕಚೇರಿಯಲ್ಲೂ ಸಿಗದ ಮಾಹಿತಿ.

ನೀರಿನ ಎತ್ತರಕ್ಕಿಂತ ಏರುವ ವೇಗವನ್ನು ಹೆಚ್ಚು ನೋಡಿ. ಅರ್ಧ ಗಂಟೆಗೊಮ್ಮೆ ಗೆರೆ ಓದಿ. ಗಂಟೆಗೆ ಒಂದು ಅಡಿ ಏರುತ್ತಿದೆ, ಹಟ್ಟಿಗೆ ಇನ್ನು ನಾಲ್ಕು ಅಡಿ ಇದೆ ಅನ್ನಿ. ನಾಲ್ಕು ಗಂಟೆ ಸಮಯವಿದೆ ಎಂದು ತಿಳಿಯಬೇಡಿ, ಎರಡೇ ಗಂಟೆ ಎಂದುಕೊಳ್ಳಿ. ಮೇಲಿನ ಹೊಳೆಗಳ ನೀರು ಒಟ್ಟಿಗೆ ಬಂದರೆ ವೇಗ ಇದ್ದಕ್ಕಿದ್ದಂತೆ ಜಾಸ್ತಿಯಾಗುತ್ತದೆ. ಆ ಎರಡು ಗಂಟೆಯಲ್ಲಿ ದನಗಳ ಹಗ್ಗ ಬಿಚ್ಚಿ ಮೇಲಕ್ಕೆ ಹೊಡೆಯಿರಿ, ಮೋಟರ್ ಎತ್ತಿ, ಮೈನ್ ಸ್ವಿಚ್ ಇಳಿಸಿ. ಕಟ್ಟಿದ ಹಗ್ಗದಲ್ಲೇ ದನ ಮುಳುಗಿದ್ದನ್ನು ನಾನು ನೋಡಿದ್ದೇನೆ, ಅದನ್ನು ಮರೆಯಲು ಆಗುವುದಿಲ್ಲ.

ಮಳೆ ನಿಮ್ಮ ತಲೆಯ ಮೇಲೆ ಬರುತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕಿಂತ ಬೆಳ್ತಂಗಡಿ, ಕಡಬ, ಸುಳ್ಯದ ಘಟ್ಟದ ಬದಿಯಲ್ಲಿ ಎಷ್ಟು ಬಿದ್ದಿದೆ ಎಂದು ನೋಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ರಾಜ್ಯದಲ್ಲಿ ಆರು ಸಾವಿರಕ್ಕೂ ಮೇಲೆ. ಅವು ತಾವಾಗಿಯೇ ಅಂಕಿ ಕಳಿಸುತ್ತವೆ. ಅದರ ವೆಬ್‌ಸೈಟಿನಲ್ಲಿ ನೋಡಬಹುದು, ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. ನದಿ ಮಟ್ಟಕ್ಕೆ ಜಲ ಆಯೋಗದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್ ಇದೆ. ತುರ್ತಿಗೆ ಜಿಲ್ಲೆಯ ಕಂಟ್ರೋಲ್ ರೂಮ್, 1077. ಫೋನ್ ಚಾರ್ಜ್ ಇರುವಾಗಲೇ ಇವನ್ನೆಲ್ಲ ಒಮ್ಮೆ ತೆರೆದು ರೂಢಿ ಮಾಡಿಕೊಳ್ಳಿ. ಕರೆಂಟ್ ಮೊದಲು ಹೋಗುತ್ತದೆ, ಆಮೇಲೆ ಟವರ್ ಹೋಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆಯಲ್ಲ. ಅದಕ್ಕೇ ಕಣ್ಣಿಗೆ ಕಾಣುವ ಆ ಬಂಡೆಯ ಗೆರೆ ಬೇಕು.

ಗಾಳಿ, ಸಿಡಿಲಿನ ಎಚ್ಚರಿಕೆಯದ್ದು ಬೇರೆ ದಾರಿ. ಅದು ಮೂರು ಗಂಟೆಯ ಮಟ್ಟಿಗೆ ಬರುತ್ತದೆ: ‘ಮುಂದಿನ 3 ಗಂಟೆಯಲ್ಲಿ ಗುಡುಗು ಸಹಿತ ಮಳೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ’ ಎಂದು. ಇದನ್ನು ಬಂದ ಕೂಡಲೇ ನಂಬಿ. ಯಾಕೆಂದರೆ ಇದು ನಾಳೆಯ ಅಂದಾಜಲ್ಲ, ಹುಟ್ಟಿ ಬರುತ್ತಿರುವ ಮೋಡವನ್ನು ರೇಡಾರ್, ಉಪಗ್ರಹದಲ್ಲಿ ನೋಡಿ ಹೇಳುವ ಮಾತು. ಕರಾವಳಿಯಲ್ಲಿ ಸಿಡಿಲಿನ ಕಾಟ ಆಟಿಗಿಂತ ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಲ್ಲಿ ಜಾಸ್ತಿ. ಮಿಂಚು ಕಂಡು ಗುಡುಗು ಕೇಳುವುದರೊಳಗೆ 30 ಎಣಿಸಲು ಆಗದಿದ್ದರೆ ಸಿಡಿಲು 10 ಕಿ.ಮೀ. ಒಳಗೇ ಇದೆ. ಆಗ ತೋಟದಿಂದ ಬನ್ನಿ. ಕಾಯಿ ಕೊಯ್ಯುವ ಅಲ್ಯೂಮಿನಿಯಂ ದೋಟಿಯನ್ನು ಕೈಯಲ್ಲಿ ಹಿಡಿದು ನಿಲ್ಲಲೇಬೇಡಿ. ಪೂನಾದ ಹವಾಮಾನ ಸಂಸ್ಥೆಯವರು ಮಾಡಿದ ‘ದಾಮಿನಿ’ ಆ್ಯಪ್ ಇದಕ್ಕೇ ಇರುವುದು.

ಚಂಡಮಾರುತಕ್ಕೆ ದಿನಗಟ್ಟಲೆ ಮೊದಲೇ ಸೂಚನೆ ಸಿಗುತ್ತದೆ. 2021ರ ಮೇ ತಿಂಗಳ ತೌಕ್ತೆ ನೆನಪಿದೆಯಲ್ವಾ? ಅದು ದಡ ಹತ್ತಿದ್ದು ಗುಜರಾತಿನಲ್ಲಿ. ಆದರೂ ನಮ್ಮ ಕರಾವಳಿಯುದ್ದಕ್ಕೂ ಕಡಲು ಕೊರೆಯಿತು. ‘ಚಂಡಮಾರುತ ನಮ್ಮಲ್ಲಿಗೆ ಬರುವುದಿಲ್ಲವಂತೆ’ ಎಂಬ ಸಮಾಧಾನ ಸಾಲದು. ಅದು ಎಷ್ಟು ಹತ್ತಿರದಲ್ಲಿ ಹಾದುಹೋಗುತ್ತದೆ ಎಂದು ಕೇಳಿ.

ನಿಮ್ಮ ತಂಗಿಯ ಊರಿನ ನೆರೆ ಪೂರ್ತಿ ಬೇರೆ ಜಾತಿಯದು. ಅಥಣಿ, ಚಿಕ್ಕೋಡಿ ಕಡೆ ಕೃಷ್ಣೆ ತುಂಬುವುದು ಅಲ್ಲಿಯ ಮಳೆಯಿಂದಲ್ಲ. ಮಹಾಬಲೇಶ್ವರ, ಕೊಯ್ನಾ, ಕೊಲ್ಹಾಪುರದ ಘಟ್ಟದಲ್ಲಿ ಮಳೆ ಸುರಿದು, ಅಣೆಕಟ್ಟುಗಳಿಂದ ನೀರು ಬಿಟ್ಟು, ಅದು ಬಯಲಿನಲ್ಲಿ ನಿಧಾನವಾಗಿ ಹರಡಿಕೊಂಡು ಬರುತ್ತದೆ. ಅಲ್ಲಿ ಬೆಳಗಾವಿಯ ಬಣ್ಣ ನೋಡಿ ಕೂತರೆ ಉಪಯೋಗವಿಲ್ಲ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್, ದೂಧಗಂಗಾ ನದಿಯಿಂದ ಎಷ್ಟು ಎಂದು ನೋಡಬೇಕು. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಅವರಿಗೆ ಒಳ್ಳೆಯದೆಂದರೆ ಸಮಯ ಸಿಗುತ್ತದೆ, ನಿಮಗೆ ಗಂಟೆಗಳಾದರೆ ಅವರಿಗೆ ದಿನ. ಕೆಟ್ಟದ್ದೆಂದರೆ 2005, 2019, 2021ರಲ್ಲಿ ಆದಂತೆ ಬಂದ ನೀರು ಬೇಗ ಇಳಿಯುವುದಿಲ್ಲ, ಕಬ್ಬು ನಿಂತಲ್ಲೇ ಕೊಳೆಯುತ್ತದೆ.

ಕೇಳದಿದ್ದರೂ ಒಂದನ್ನು ಸೇರಿಸುತ್ತೇನೆ. ನಿಮ್ಮ ಮನೆಯ ಹಿಂದೆ ಗುಡ್ಡ ಕಡಿದು ಜಾಗ ಮಾಡಿದ್ದರೆ ಹೊಳೆಗಿಂತ ಅದಕ್ಕೇ ಹೆಚ್ಚು ಹೆದರಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಬದಿಯಲ್ಲಿ ಗುಡ್ಡ ಜರಿದು ಹಳ್ಳಗಳಲ್ಲಿ ಬಂಡೆ, ಮರ, ಕೆಸರು ಒಟ್ಟಿಗೆ ಇಳಿದು ತೋಟಗಳೇ ಮುಚ್ಚಿಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಗಂಗಾವಳಿಗೆ ಬಿತ್ತು, ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಇದಕ್ಕೆ ಮನೆ ಮಟ್ಟದ ಅಲರ್ಟ್ ಇಲ್ಲ. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಬಾವಿ ನೀರು ಕಂಡರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಇನ್ನೂ ಮುಖ್ಯವಾದದ್ದು ಇದು: ಮಳೆ ಜೋರಾಗಿ ಬರುತ್ತಿರುವಾಗಲೇ ತೋಡಿನ ನೀರು ಕಡಿಮೆಯಾದರೆ ಖುಷಿಪಡಬೇಡಿ. ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿ ನಿಂತಿರಬಹುದು. ಅದು ಒಡೆಯುವ ಮೊದಲು ಪಕ್ಕದ ಎತ್ತರಕ್ಕೆ ಹತ್ತಿ.

ಇನ್ನು ನಿಮ್ಮ ಮಾವ. ಅವರೊಂದಿಗೆ ಜಗಳಕ್ಕೆ ಹೋಗಬೇಡಿ. ಗೋಡೆಯ ಮೇಲಿನ ಆ 1974ರ ಗುರುತು ನನ್ನಂಥವನಿಗೆ ಚಿನ್ನದಂಥದ್ದು. ಎಷ್ಟೋ ಕಡೆ ಹಳೆಯ ಮನೆ ಕೆಡವುವಾಗ ಅಂಥ ಗುರುತು ಅಳಿಸಿಹೋಗಿದೆ. ಪೈಪ್ ಹಿಡಿದು ಮಟ್ಟ ನೋಡುವ ದಿನ ಅದನ್ನೂ ಅಳೆಯಿಸಿ, ಬಂಡೆಯ ಮೇಲೆ ಅದರ ಗೆರೆ ಎಳೆಯಲು ಅವರನ್ನೇ ಕರೆಯಿರಿ. ಆಮೇಲೆ ಅವರಿಗೆ ಮೂರು ಪ್ರಶ್ನೆ ಕೇಳಿ. ಆ ದಿನ ನೀರು ಮೊದಲು ಯಾವ ಕಡೆಯಿಂದ ಬಂತು? ಹೊರಡುವ ದಾರಿ ಎಲ್ಲಿ ಮೊದಲು ಮುಳುಗಿತು? ಆಗ ಎಷ್ಟು ಗಂಟೆ?

ಎರಡನೆಯ ಪ್ರಶ್ನೆಗೆ ಅವರೇ ಉತ್ತರ ಹೇಳುತ್ತಾರೆ ಎಂಬ ನಂಬಿಕೆ ನನಗಿದೆ. ಹೊಳೆ ಬದಿಯ ಹೆಚ್ಚಿನ ಊರುಗಳಲ್ಲಿ ಮನೆಗೆ ನೀರು ಬರುವುದಕ್ಕೆ ಎಷ್ಟೋ ಮೊದಲು ಹಿಂದಿನ ಗದ್ದೆಯೂ ತೋಡು ದಾಟುವ ಸಂಕವೂ (ಕಿರು ಸೇತುವೆ) ಮುಳುಗಿರುತ್ತವೆ. ಕಡಬದ ಹತ್ತಿರ ಹೊಸ್ಮಠದ ಹಳೆಯ ಮುಳುಗು ಸೇತುವೆ ಮುಚ್ಚಿದಾಗ ಎರಡೂ ಕಡೆಯ ಜನ ಕಾಯುತ್ತಾ ನಿಂತಿದ್ದು ಅವರಿಗೂ ನೆನಪಿರಬಹುದು. ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನು ಬೀಳಿಸುತ್ತದೆ, ಎರಡು ಅಡಿ ಇದ್ದರೆ ಜೀಪನ್ನೂ ತೇಲಿಸಿಕೊಂಡು ಹೋಗುತ್ತದೆ. ಆದ್ದರಿಂದ ಹೊರಡುವ ಗುರುತು ಗೋಡೆಯಲ್ಲಿ ಇರಬಾರದು, ಸಂಕದಲ್ಲಿ ಇರಬೇಕು. ಸಂಕದ ಅಡಿಗೆ ನೀರು ತಾಗಲು ಒಂದು ಅಡಿ ಬಾಕಿ ಇರುವಾಗ ಮಕ್ಕಳು, ಮಾವ, ದನ ಎಲ್ಲರೂ ಆಚೆ ದಾಟಿರಬೇಕು. ಆ ಗೆರೆಯನ್ನು ಈ ಬೇಸಿಗೆಯಲ್ಲಿ ಮಾವನ ಕೈಯಿಂದಲೇ ಹಾಕಿಸಿ. ಅವರೇ ಎಳೆದ ಗೆರೆಯನ್ನು ಅವರು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ.